ಮೂವರಲ್ಲಿ ಮೂರನೆಯವಳು

ಗಾಲ್ಫ್ ಆಡುವುದೂ ಹೊಲದಲ್ಲಿ ಕಸ ತೆಗೆಯುವುದೂ ಒಂದೇ ಕೆಲಸ ಎಂದು ನಂಬಿದವರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಬ್ಬಳೇ, ಅವಳು ನಿಮ್ಮ ದೊಡ್ಡಜ್ಜಿ! ನಿಮ್ಮ ತಾತನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ನಾನು ಕರೆಯುವುದು ಅಕ್ಕ ಎಂದು, ಅವಳು ನನ್ನನ್ನು ಕರೆಯುವುದು ಸಣ್ಣಾಕಿ ಎಂದು. ಗಾಲ್ಫ್ ಬೇರೆ, ಕಸ ತೆಗೆಯುವುದು ಬೇರೆ ಎಂದು ಅವಳಿಗೆ ತಿಳಿಸಿ ಹೇಳಲು ದೇಶದ ತಂಡದ ಕ್ಯಾಪ್ಟನ್ನೇ ಫೋನಿಗೆ ಬಂದರೂ ಆಗಲಿಲ್ಲ. ಇನ್ನು ನನ್ನಿಂದ ಆದೀತೇ?

ಮಕ್ಕಳೇ, ಆ ನಾಲ್ಕು ದಿನಗಳ ಕಥೆಯನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಪ್ರತಿ ಸಲ ಹೇಳಿದವಳು ದೊಡ್ಡಜ್ಜಿ, ಪ್ರತಿ ಸಲ ಗೆದ್ದವಳೂ ದೊಡ್ಡಜ್ಜಿ. ನಾನು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಸುಮ್ಮನಿದ್ದೆ. ನಾಲ್ಕು ಜನರ ನಡುವೆ ಬಾಯಿ ತೆರೆಯುವುದು ನನಗೆ ಆಗದು. ನನ್ನ ತವರೂರು ಜಾಲಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದರಿಂದ ಬರೆಯುವುದು ಆಗುತ್ತದೆ. ಅವಳು ಬಿಟ್ಟು ಹೇಳುವ ಭಾಗವೂ ಸೇರಿ ಪೂರ್ತಿ ಕಥೆ ಇಲ್ಲಿದೆ.

ಮೊದಲು ನಿಮ್ಮ ದೊಡ್ಡಜ್ಜಿಯ ದೊಡ್ಡಸ್ತಿಕೆ. ನಾವು ಮೊದಲು ಇದ್ದ ಪೋತ್ನಾಳದಲ್ಲಿ ಇಪ್ಪತ್ತು ಹೆಂಗಸರ ಒಂದು ಗುಂಪಿಗೆ ಅವಳು ಮೇಸ್ತ್ರಿಣಿಯಾಗಿದ್ದಳು. ಹತ್ತಿ, ಮೆಣಸಿನಕಾಯಿ, ತೊಗರಿ, ಯಾವ ಹೊಲದಲ್ಲಿ ಕಸ ಬೆಳೆದರೂ ರೈತರು ಅವಳ ಬಾಗಿಲಿಗೆ ಬರಬೇಕು. ಸೀರೆಯ ನೆರಿಗೆಯನ್ನು ಮೇಲೆ ಸಿಕ್ಕಿಸಿ, ಕಸ ಕೀಳುವ ಕುರ್ಚಿಗಿ ಹಿಡಿದು ಅವಳು ಸಾಲಿಗೆ ಇಳಿದಳೆಂದರೆ ಹುಲ್ಲು ತಾನಾಗಿಯೇ ಬೇರು ಕಿತ್ತುಕೊಂಡು ಓಡಿಹೋಗುತ್ತಿತ್ತು ಎಂದು ಅವಳೇ ಹೇಳುತ್ತಾಳೆ. ನಾನು ಆ ಗುಂಪಿನಲ್ಲಿ ಹನ್ನೊಂದು ವರ್ಷ ಇದ್ದೆ. ಹುಲ್ಲು ಓಡಿದ್ದನ್ನು ಕಂಡಿಲ್ಲ, ಆದರೆ ರೈತರು ಓಡಿದ್ದನ್ನು ಕಂಡಿದ್ದೇನೆ.

ಅವಳ ಮಗ, ಅಂದರೆ ನಿಮ್ಮ ದೊಡ್ಡಪ್ಪ, ಮಿಲಿಟರಿಗೆ ಸೇರಿದ. ಅವನ ಮಗಳು ಊರಿಂದೂರಿಗೆ, ಒಂದು ದಂಡಿನ ವಸತಿಯಿಂದ ಇನ್ನೊಂದಕ್ಕೆ ತಿರುಗುತ್ತಾ ಬೆಳೆದಳು. ಹೋದಲ್ಲೆಲ್ಲ ಮನೆಯ ಹಿಂದೆ ಅಧಿಕಾರಿಗಳ ಗಾಲ್ಫ್ ಮೈದಾನ. ಏಳನೆಯ ವಯಸ್ಸಿನಲ್ಲಿ ಬೇಲಿ ದಾಟಿ ಬಂದ ಚೆಂಡು ಎತ್ತಿ ಕೊಡುತ್ತಿದ್ದ ಹುಡುಗಿ, ಹತ್ತೊಂಬತ್ತಕ್ಕೆ ದೇಶದ ತಂಡದಲ್ಲಿ ಒಬ್ಬಳಾದಳು. ಹಲವು ದೇಶಗಳ ಹೆಣ್ಣುಮಕ್ಕಳು ಸೇರಿ ಆಡುವ ಅಮೆಚೂರ್ ತಂಡಗಳ ದೊಡ್ಡ ಪಂದ್ಯ. ಅಮೆಚೂರ್ ಎಂದರೆ ದುಡ್ಡು ತೆಗೆದುಕೊಳ್ಳದೆ ಆಡುವವರು ಎಂದು ನಿಮ್ಮ ದೊಡ್ಡಪ್ಪ ಫೋನಿನಲ್ಲಿ ಬಿಡಿಸಿ ಹೇಳಿದ. ಅಕ್ಕ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು.

“ಕೂಲಿ ಇಲ್ಲದ ಕೆಲಸಕ್ಕ ವಿಮಾನದಾಗ ಕರ್ಕೊಂಡು ಹೋಗ್ತಾರೇನು? ಹುಷಾರಪಾ, ಯಾರರ ಮೋಸ ಮಾಡಾಕತ್ತಾರೇನು ನೋಡು.”

ಅವತ್ತೇ ಚಿಂತೆ ಶುರುವಾಯಿತು. ಹುಡುಗಿ ಆಡುವ ವಿಡಿಯೊ ಬಂತು. ಈಗ ನಾವಿರುವ ಮಾನ್ವಿಯ ಓಣಿಯಲ್ಲಿ ಎದುರುಮನೆಯ ಟೇಲರ್ ರಜಿಯಾ ಅದನ್ನು ದೊಡ್ಡದು ಮಾಡಿ ತೋರಿಸಿದಳು. ಕಣ್ಣು ಹಾಯಿಸಿದಷ್ಟೂ ಹಸಿರು. ಅಕ್ಕ ಮೊದಲು ಕೇಳಿದ್ದು ಹೊಲ ಯಾರದು, ಎಷ್ಟು ಎಕರೆ, ಇಷ್ಟು ಕಸ ಬೆಳೆಯುವತನಕ ಏನು ಮಾಡುತ್ತಿದ್ದರು ಎಂದು. ಅಷ್ಟರಲ್ಲಿ ಹುಡುಗಿ ಕೋಲು ಬೀಸಿದಳು. ಚೆಂಡು ಹಾರಿತು, ಜೊತೆಗೆ ಅಂಗೈಯಗಲದ ಹುಲ್ಲಿನ ಹೆಂಟೆಯೂ ಹಾರಿತು. ಅಕ್ಕ ಹಿಗ್ಗಿ ಹೋದಳು: ಒಂದೇ ಪೆಟ್ಟಿಗೆ ಬೇರು ಸಮೇತ! ಆದರೆ ಹುಡುಗಿ ನಡೆದು ಹೋಗಿ ಆ ಹೆಂಟೆಯನ್ನು ಎತ್ತಿ ತಂದು, ಕಿತ್ತ ಜಾಗದಲ್ಲೇ ಕೂಡಿಸಿ, ಕಾಲಿನಿಂದ ಮೆಲ್ಲಗೆ ತುಳಿದಳು. ಹಾಗೆ ಮಾಡುವುದೇ ಆ ಆಟದ ಮರ್ಯಾದೆಯಂತೆ.

ಅಕ್ಕ ಆ ರಾತ್ರಿಯ ಊಟ ಬಿಟ್ಟಳು. ಕಿತ್ತ ಕಸವನ್ನು ತಿರುಗಿ ಹಚ್ಚುವ ಹುಡುಗಿ ನಮ್ಮ ಮನೆತನದಲ್ಲಿ ಹುಟ್ಟಿದಳಲ್ಲ ಎಂಬುದು ಅವಳ ದುಃಖ.

ಆಟದ ನಿಯಮಗಳನ್ನು ಹುಡುಗಿಯೇ ಫೋನಿನಲ್ಲಿ ಹೇಳಿಕೊಟ್ಟಳು. ಎಷ್ಟು ಕಡಿಮೆ ಪೆಟ್ಟಿನಲ್ಲಿ ಹದಿನೆಂಟು ಕುಳಿಗಳಿಗೆ ಚೆಂಡು ಹಾಕುತ್ತಾರೋ ಅಷ್ಟು ಒಳ್ಳೆಯದು. ನನಗೆ ಇದು ತಲೆಗೆ ಹತ್ತಲು ಎರಡು ದಿನ ಬೇಕಾಯಿತು. ಅಕ್ಕನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಕಡಿಮೆ ಪೆಟ್ಟಿನಲ್ಲಿ ಕೆಲಸ ಮುಗಿಸಿದವಳು ಶಾಣ್ಯಾಕಿ, ಅದರಲ್ಲಿ ತಿಳಿಯದಂಥದ್ದೇನಿದೆ ಎಂದು ನನ್ನನ್ನೇ ಗದರಿದಳು. ಅವಳಿಗೆ ತಿಳಿಯದೆ ಹೋದದ್ದು ಬೇರೆಯದು. ತಂಡದಲ್ಲಿ ಮೂವರು ಆಡುತ್ತಾರೆ. ಆದರೆ ದಿನದ ಕೊನೆಗೆ ಚೆನ್ನಾಗಿ ಆಡಿದ ಇಬ್ಬರ ಅಂಕಿಗಳನ್ನು ಮಾತ್ರ ಕೂಡಿಸುತ್ತಾರೆ. ಮೂರನೆಯವಳದನ್ನು ಬಿಡುತ್ತಾರೆ.

“ಬಿಡ್ತಾರ ಅಂದ್ರ? ದಿನಾಪೂರ್ತಿ ಬಿಸಲಾಗ ದುಡಿದದ್ದು ಎಲ್ಲಿ ಹೋತು?” ಎಂದಳು ಅಕ್ಕ.

ಅದಕ್ಕೆ ಹುಡುಗಿ ಹೇಳಿದ ಮಾತು ನಮ್ಮಿಬ್ಬರ ಎದೆಯಲ್ಲೂ ಕೂತುಬಿಟ್ಟಿತು. “ಅಜ್ಜಿ, ಅವರಿಬ್ಬರೂ ನನಗಿಂತ ಚಲೋ ಆಡ್ತಾರ. ನಾಲ್ಕು ದಿನದಾಗ ಒಂದು ದಿನಾನರ ನನ್ನ ನಂಬರ್ ಲೆಕ್ಕಕ್ಕ ಹಿಡೀಬೇಕು. ಇಲ್ಲಾಂದ್ರ ನಾ ಬರೇ ಬ್ಯಾಗ್ ಹೊತ್ಕೊಂಡು ಹೋಗಿ ಬಂದಂಗ. ಹಂಗಾದ್ರ ಆಟ ಬಿಟ್ಟುಬಿಡ್ತೀನಿ.”

ಈಗ ನಮ್ಮ ಗುಂಪಿನ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಅಕ್ಕನ ಸಿಟ್ಟು ನಿಮಗೆ ಅರ್ಥವಾಗದು. ಇಪ್ಪತ್ತು ಜನ ಇಪ್ಪತ್ತು ಸಾಲು ಹಿಡಿದು ಹೊರಟಾಗ ಒಬ್ಬಳಾದರೂ ಹಿಂದೆ ಬೀಳುತ್ತಾಳೆ. ಮುಂದಿನವರು ಬದು ಮುಟ್ಟಿದ ಮೇಲೆ ಕೂತು ಎಲೆ ಅಡಿಕೆ ಹಾಕುವಂತಿಲ್ಲ. ಹಿಂದುಳಿದವಳ ಸಾಲನ್ನು ಆ ಕಡೆಯಿಂದ ಹಿಡಿದು ಅವಳಿಗೆ ಎದುರಾಗಿ ಬರಬೇಕು. ಇದಕ್ಕೆ ನಾವು ಎದುರು ಹಿಡಿಯುವುದು ಎನ್ನುತ್ತಿದ್ದೆವು. ಎಲ್ಲ ಸಾಲು ಮುಗಿಯದೆ ಒಬ್ಬರೂ ಹೊಲ ಬಿಡುವಂತಿಲ್ಲ. ಅಂಥ ಗುಂಪು ನಡೆಸಿದವಳಿಗೆ, ಮೂರು ಸಾಲಿನಲ್ಲಿ ಎರಡನ್ನೇ ನೋಡಿ ಮೂರನೆಯದನ್ನು ಕಣ್ಣೆತ್ತಿಯೂ ನೋಡದ ಯಜಮಾನರು ಇದ್ದಾರೆಂದರೆ ಹೇಗಾಗಬೇಡ!

ಪಂದ್ಯ ನಡೆದ ದೇಶದಲ್ಲಿ ನಮಗಿಂತ ಮೊದಲೇ ಬೆಳಗಾಗುತ್ತದೆ. ನಮ್ಮ ಬೆಳಗಿನ ಚಹಾದ ಹೊತ್ತಿಗೆ ಅಲ್ಲಿ ಆಟ ಅರ್ಧ ಆಗಿರುತ್ತಿತ್ತು. ಮೊದಲ ದಿನ ರಜಿಯಾ ಹೊಲಿಗೆ ಯಂತ್ರದ ಮೇಲೆ ಫೋನು ನಿಲ್ಲಿಸಿಕೊಂಡು, ಒಂದು ಹೊಲಿಗೆ ಹಾಕಿ ಒಮ್ಮೆ ಹೊಸ ಅಂಕಿಗಾಗಿ ಪರದೆ ಎಳೆದು ನೋಡುತ್ತಿದ್ದಳು. ಅಕ್ಕನಿಗೆ ಕೂರಲಾಗಲಿಲ್ಲ. ಕುರ್ಚಿಗಿ ತೆಗೆದುಕೊಂಡು ಅಂಗಳಕ್ಕೆ ಹೋದಳು. ಅಂಗಳದ ಕಸ ಮುಗಿಯಿತು. ರಜಿಯಾಳ ಮನೆಯ ಮುಂದಿನದು ಮುಗಿಯಿತು. ಬುದ್ಧವಿಹಾರದ ಕಟ್ಟೆಯ ಸುತ್ತಲಿನದೂ ಮುಗಿಯಿತು. ಪುರಸಭೆಯವರು ಮೂರು ವರ್ಷದಿಂದ ಮಾಡದ ಕೆಲಸವನ್ನು ಒಬ್ಬಳ ಚಿಂತೆ ಒಂದು ಮುಂಜಾನೆಯಲ್ಲಿ ಮಾಡಿ ಮುಗಿಸಿತು.

ಆಟ ಮುಗಿದಾಗ ಪರದೆಯ ಮೇಲೆ ಮೂರು ಹೆಸರು, ಮೂರು ಅಂಕಿ. ಎರಡು ಸುಮ್ಮನಿದ್ದವು. ನಮ್ಮ ಹುಡುಗಿಯ ಎಪ್ಪತ್ತೊಂಬತ್ತರ ಮೇಲೆ ಅಡ್ಡ ಗೀಟು.

ಗೀಟು ಎಳೆದವರು ಯಾರು ಎಂದು ಅಕ್ಕ ರಜಿಯಾಳನ್ನು ವಿಚಾರಿಸಿದಳು. ಯಾರೂ ಅಲ್ಲ, ಕಂಪ್ಯೂಟರೇ ಎಳೆಯುತ್ತದೆ ಎಂದು ರಜಿಯಾ ಹೇಳಿದಳು. ಆ ಕಂಪ್ಯೂಟರಿನ ಮೇಸ್ತ್ರಿ ಯಾರು ಎಂದಳು ಅಕ್ಕ. ರಜಿಯಾ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ದೊಡ್ಡಮ್ಮಾ, ಇದು ಕಾಂಪಿಟೇಷನ್ ಅದ, ತೊಗರಿ ಹೊಲ ಅಲ್ಲ” ಎಂದಳು. ಅಕ್ಕ ಅವತ್ತು ಅವಳ ಮನೆಯ ಚಹಾ ಕುಡಿಯಲಿಲ್ಲ.

ಎರಡನೆಯ ದಿನವೂ ಗೀಟು. ಮಧ್ಯಾಹ್ನ ಹುಡುಗಿಯ ಫೋನು ಬಂದಾಗ ದನಿ ಸಣ್ಣದಾಗಿತ್ತು. ಅಕ್ಕ ಸಮಾಧಾನ ಹೇಳುತ್ತಾಳೆ ಎಂದು ನಾನು ಕಾದರೆ, ನಿಮ್ಮ ಮೇಸ್ತ್ರಿಣಿಗೆ ಫೋನು ಕೊಡು ಎಂದು ಹಟ ಹಿಡಿದಳು! ಹುಡುಗಿ ಬೇಡ ಬೇಡ ಎನ್ನುತ್ತಿರುವಾಗಲೇ ತಂಡದ ಕ್ಯಾಪ್ಟನ್ ಮೇಡಂ ಪಕ್ಕದಲ್ಲಿ ಕೇಳಿಸಿಕೊಂಡು ಫೋನು ತೆಗೆದುಕೊಂಡರು. ಆಕೆಯದು ಹಿಂದಿ. ಅಕ್ಕನದು ಮಾನ್ವಿ ಸಂತೆಯಲ್ಲಿ ಈರುಳ್ಳಿ ಚೌಕಾಸಿ ಮಾಡಿ ಕಲಿತ ದಖ್ಖನಿ. ಆ ಹುಡುಗಿಯನ್ನು ಇವಳ ಮಾತಿನಿಂದಲೇ ತಂಡದಿಂದ ತೆಗೆದುಹಾಕುತ್ತಾರೆ ಎಂದುಕೊಂಡೆ.

“ಮೇಡಂ, ಹಮಾರೆ ಖೇತ್ ಮೇ ಐಸಾ ನಕ್ಕೋ” ಎಂದು ಶುರು ಮಾಡಿ, ನಮ್ಮ ಹೊಲದಲ್ಲಿ ಹೀಗೆಲ್ಲ ನಡೆಯುವುದಿಲ್ಲ, ಮೂವರನ್ನು ಕರೆದೊಯ್ದ ಮೇಲೆ ಮೂವರದನ್ನೂ ಹಿಡಿಯಬೇಕು ಎಂದು ಅಕ್ಕ ಒಂದೇ ಉಸಿರಿನಲ್ಲಿ ಹೇಳಿದಳು. ಕ್ಯಾಪ್ಟನ್ ಮೇಡಂ ಒಳ್ಳೆಯವರು. ನಗದೆ ಪೂರ್ತಿ ಕೇಳಿದರು. ಹಿಂದೆ ಮೂರನೆಯವಳು ಇದ್ದಾಳೆ ಎಂಬ ಧೈರ್ಯದಿಂದಲೇ ಮುಂದಿನ ಇಬ್ಬರು ಬೀಸಿ ಹೊಡೆಯುತ್ತಾರೆ, ಅವಳಿಲ್ಲದಿದ್ದರೆ ಅಂಜಿ ಅಂಜಿ ಆಡುತ್ತಾರೆ, ಹುಡುಗಿಯ ಆಟ ವ್ಯರ್ಥವಲ್ಲ ತಾಯೀ ಎಂದು ಸಮಾಧಾನ ಹೇಳಿದರು. ಪಕ್ಕದಲ್ಲಿ ಕೂತು ಕೇಳುತ್ತಿದ್ದ ರಜಿಯಾ ಅದನ್ನು ಕನ್ನಡದಲ್ಲಿ ಹೇಳಿದಳು.

ಹಾಗಿದ್ದರೆ ಆ ಧೈರ್ಯಕ್ಕೂ ಒಂದು ನಂಬರು ಕೊಡಿ ಎಂದು ಹೇಳಿ ಅಕ್ಕ ಫೋನು ಇಟ್ಟಳು.

ಮೂರನೆಯ ದಿನ ದೇವದುರ್ಗದಲ್ಲಿ ನನ್ನ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಹೋಗದೆ ಇರುವಂತಿಲ್ಲ. ರಜಿಯಾ ನನ್ನ ಫೋನಿನಲ್ಲಿ ಆ ಅಂಕಿಗಳ ಪುಟ ತೆರೆದಿಟ್ಟು, ಬೆರಳಿನಿಂದ ಹೇಗೆ ಕೆಳಗೆ ಎಳೆಯಬೇಕು ಎಂದು ಕಲಿಸಿದಳು. ಅಕ್ಕನಿಗೆ ಓದಲು ಬಾರದು. ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. ಹೀಗೆ ನನ್ನಂಥವಳ ಕೈಗೆ ದೇಶದ ಗಾಲ್ಫ್ ಬಂತು.

ಮಾನ್ವಿಯ ಬಸ್ ನಿಲ್ದಾಣದಲ್ಲಿ ನಾನು ಬೋರ್ಡು ಓದುವ ಮೊದಲೇ ಅಕ್ಕ ನನ್ನನ್ನು ಒಂದು ಬಸ್ಸಿನೊಳಗೆ ದೂಡಿ ತಾನೂ ಹತ್ತಿದಳು. ಸೀಟು ಹಿಡಿದು, ಚೀಲ ಇಟ್ಟು, ಎಳಿ ಎಳಿ ಎಂದು ನನ್ನಿಂದ ನಾಲ್ಕು ಸಲ ಪರದೆ ಎಳೆಸಿದ ಮೇಲೆ ಕಂಡಕ್ಟರ್ ಬಂದು, ಇದು ಲಿಂಗಸುಗೂರಿಗೆ ಹೋಗುವ ಬಸ್ಸು ಎಂದ. ಅಕ್ಕ ತನ್ನ ತಪ್ಪು ಒಪ್ಪಿಕೊಂಡದ್ದನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಹಾಲು ಉಕ್ಕಿದರೆ ಹಾಲಿನ ತಪ್ಪು, ಎಡವಿದರೆ ಹೊಸ್ತಿಲಿನ ತಪ್ಪು. ಆಗಲೂ ಅವಳು ಕಂಡಕ್ಟರನನ್ನು ಕನಿಕರದಿಂದ ನೋಡಿ, “ತಪ್ಪು ಬಸ್ ತಂದೀಯಲ್ಲೋ ಯಪ್ಪಾ” ಎಂದಳು.

ಸಿರವಾರದಲ್ಲಿ ಇಳಿದೆವು. ದೇವದುರ್ಗದ ಬಸ್ಸಿಗೆ ಕಾಯುತ್ತಾ ಕೂತಾಗ ಆ ದಿನದ ಆಟ ಮುಗಿಯಿತು. ಒಬ್ಬಳದು ಎಪ್ಪತ್ತೆರಡು, ಇನ್ನೊಬ್ಬಳದು ಎಪ್ಪತ್ತನಾಲ್ಕು. ನಮ್ಮವಳದು ಎಪ್ಪತ್ತೈದು, ಮೇಲೆ ಗೀಟು.

“ಒಂದ ಪೆಟ್ಟು?” ಎಂದಳು ಅಕ್ಕ.

ಹೌದು ಎಂದೆ. ಅವಳು ಚೀಲದಿಂದ ಕುರ್ಚಿಗಿ ತೆಗೆದಳು. ತೊಟ್ಟಿಲು ಕಾರ್ಯಕ್ಕೆ ಹೊರಟವಳ ಚೀಲದಲ್ಲಿ ಕುಲಾವಿ, ಅಂಗಿ, ಕುರ್ಚಿಗಿ! ನಿಲ್ದಾಣದ ಗೋಡೆಯ ಬುಡದ ಹುಲ್ಲನ್ನು ಕುಕ್ಕರಗಾಲಿನಲ್ಲಿ ಕೂತು ಕೀಳತೊಡಗಿದಳು. ಅವಳು ಉಟ್ಟದ್ದು ರೇಷ್ಮೆ ಅಂಚಿನ ಸೀರೆ. ಪ್ರಯಾಣಿಕನೊಬ್ಬ ಬಂದು ಇದು ಯಾವ ಯೋಜನೆಯ ಕೆಲಸ ಎಂದು ವಿಚಾರಿಸಿದ. ಯೋಜನೆಯಲ್ಲ, ನನ್ನ ಮೊಮ್ಮಗಳು ಹೊರದೇಶದಲ್ಲಿ ಆಡುತ್ತಿದ್ದಾಳೆ ಎಂದು ಅಕ್ಕ ತಲೆ ಎತ್ತದೆ ಹೇಳಿದಳು. ಅವನು ತನ್ನ ಗಂಟು ಎತ್ತಿಕೊಂಡು ನಿಲ್ದಾಣದ ಆ ತುದಿಗೆ ಹೋಗಿ ಕೂತ.

ಉಳಿದದ್ದು ಒಂದೇ ದಿನ. ದೇವದುರ್ಗದಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ಅಕ್ಕ ತೊಟ್ಟಿಲು ಕಾರ್ಯದ ಮರುದಿನ ನನ್ನನ್ನು ಮುಂಜಾನೆಯ ಮೊದಲ ಬಸ್ಸಿಗೇ ಹತ್ತಿಸಿ ರಾಯಚೂರಿಗೆ, ನಿಮ್ಮ ಮನೆಗೆ ಕರೆತಂದಳು. ನೀವು ಶಾಲೆಗೆ ಹೋಗಿದ್ದಿರಿ, ನಿಮ್ಮ ಅಪ್ಪ ಅಮ್ಮ ಆಫೀಸಿಗೆ. ಪಕ್ಕದ ಮನೆಯವರು ಕೀಲಿ ಕೊಟ್ಟರು. ನಾನು ನಡುಮನೆಯಲ್ಲಿ ಗೋಡೆಗೆ ಒರಗಿ ಕೂತು ಪರದೆ ಎಳೆದೆ.

ತಂಡ ಎಂಟನೆಯ ಸ್ಥಾನದಲ್ಲಿತ್ತು. ಅಷ್ಟು ದೇಶಗಳಲ್ಲಿ ಎಂಟು ಎಂದರೆ ದೊಡ್ಡದೇ ಎಂದು ನಿಮ್ಮ ದೊಡ್ಡಪ್ಪ ಹಿಂದಿನ ದಿನ ಹೇಳಿದ್ದ. ಮುಂದಿರುವ ತಂಡಗಳು ಕೊನೆಯ ದಿನ ತಡವಾಗಿ ಆಟಕ್ಕೆ ಇಳಿಯುತ್ತವಂತೆ. ಆರು ಕುಳಿಗಳವರೆಗೆ ಎಲ್ಲ ಸರಿಯಾಗಿತ್ತು. ಏಳನೆಯದಕ್ಕೆ, ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಹುಡುಗಿಯ ಹೆಸರಿನ ಮುಂದೆ ಅಂಕಿಯ ಬದಲು ಎರಡು ಇಂಗ್ಲಿಷ್ ಅಕ್ಷರ ಬಂದವು. ನನ್ನ ಬೆರಳು ತಾಗಿ ಏನೋ ಕೆಟ್ಟಿತು ಎಂದು ಹೆದರಿ ರಜಿಯಾಳಿಗೆ ಫೋನು ಮಾಡಿದೆ. ಅವಳು ನೋಡಿ, ಆ ಹುಡುಗಿ ನಡುವೆಯೇ ಆಟ ಬಿಟ್ಟಿದ್ದಾಳೆ, ಮೈಯಲ್ಲಿ ಸರಿಯಿಲ್ಲವೋ ಏನೋ ಎಂದಳು. ಇನ್ನು ಉಳಿದವರು ಇಬ್ಬರೇ, ಇಬ್ಬರದನ್ನೂ ಹಿಡಿಯುತ್ತಾರೆ ಎಂದಳು.

ಅಕ್ಕ ಮೊದಲು ಆ ಹುಡುಗಿಗಾಗಿ ಪಾಪ ಎಂದಳು. ಆಮೇಲೆ ಅವಳ ಮುಖ ಅರಳಿತು. ಹಿಡಿಯುತ್ತಾರೆ! ಇವತ್ತು ನಮ್ಮವಳದನ್ನು ಹಿಡಿಯಲೇಬೇಕು! ಎದ್ದು ಹೋಗಿ ನಿಮ್ಮ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ಬೆಲ್ಲ ಹುಡುಕಿ ತಂದು ನನ್ನ ಬಾಯಿಗೆ ಹಾಕಿದಳು.

ಬೆಲ್ಲ ಕರಗುವ ಮೊದಲೇ ಹೊಸ ಚಿಂತೆ ಬಂತು. ಇಷ್ಟು ದಿನ ಹುಡುಗಿ ಕೆಟ್ಟದಾಗಿ ಆಡಿದರೆ ಗೀಟಿನ ಕೆಳಗೆ ಮುಚ್ಚಿಹೋಗುತ್ತಿತ್ತು. ಇವತ್ತು ಮುಚ್ಚಲು ಯಾರೂ ಇಲ್ಲ. ಮೂರು ದಿನ ಹಿಡಿಯುವುದಿಲ್ಲವಲ್ಲ ಎಂದು ಗೋಳಾಡಿದ ಅಕ್ಕ ಈಗ ಹಿಡಿಯುತ್ತಾರಲ್ಲ ಎಂದು ಚಡಪಡಿಸತೊಡಗಿದಳು. ಹನ್ನೊಂದನೆಯ ಕುಳಿಗೆ ಹುಡುಗಿ ಎಂಟು ಪೆಟ್ಟು ತೆಗೆದುಕೊಂಡಳು. ನಾಲ್ಕರಲ್ಲಿ ಮುಗಿಸಬೇಕಾದ ಕುಳಿ ಅದು. ಚೆಂಡು ಎರಡು ಸಲ ನೀರಿಗೆ ಬಿದ್ದಿತ್ತೆಂದು ಆಮೇಲೆ ತಿಳಿಯಿತು.

“ಸಣ್ಣಾಕಿ, ಇದೊಂದು ಹಿಡೀಬ್ಯಾಡ್ರಿ ಅಂತ ಆ ಮೇಡಂಗ ಹೇಳಾಕ ಬರ್ತದೇನು?”

ಬರುವುದಿಲ್ಲ ಎಂದೆ. ಅವಳು ಮಾಳಿಗೆಗೆ ಹೋದಳು. ನಿಮ್ಮ ಅಮ್ಮನ ಹೂವಿನ ಕುಂಡಗಳಲ್ಲಿ ಅವತ್ತು ಒಂದೆಳೆ ಹುಲ್ಲೂ ಉಳಿಯಲಿಲ್ಲ. ನಾನು ಕೆಳಗಿನಿಂದ ಕೂಗಿ ಹೇಳುತ್ತಿದ್ದೆ. ಐದು, ಆರು, ಮತ್ತೆ ಐದು. ನಾನು ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು. ಕೊನೆಗೆ ಎಂಬತ್ತನಾಲ್ಕು. ಗೀಟಿಲ್ಲ. ಎಂಟನೆಯ ಸ್ಥಾನದಲ್ಲಿದ್ದ ತಂಡ ಹತ್ತೊಂಬತ್ತನೆಯದಾಯಿತು.

ಒಂದು ಗಂಟೆಯಾದ ಮೇಲೆ ಫೋನು ಬಂತು. ಹುಡುಗಿಯ ಅಳು ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳಿಸಿತು. “ಅಜ್ಜಿ, ನನ್ನ ನಂಬರ್ ಹಿಡಿದ್ರು. ಹಿಡೀಲಿಲ್ಲಂದ್ರನ ಚಲೋ ಇತ್ತು. ನನ್ನಿಂದ ಎಲ್ಲಾರೂ ಕೆಳಗ ಬಿದ್ರು. ಇನ್ನ ನಾ ಕೋಲು ಮುಟ್ಟಂಗಿಲ್ಲ.”

ನಾನು ಅಕ್ಕನ ಮುಖ ನೋಡಿದೆ. ದೇಶದ ಕ್ಯಾಪ್ಟನ್ನಿಗೆ ಪಾಠ ಹೇಳಿದವಳು, ಕಂಡಕ್ಟರನ ಬಸ್ಸನ್ನೇ ತಪ್ಪು ಮಾಡಿದವಳು ಫೋನನ್ನು ನನ್ನ ಮಡಿಲಲ್ಲಿ ಇಟ್ಟಳು. “ನೀ ಮಾತಾಡು” ಎಂದಳು. “ನನಗ ಬರಂಗಿಲ್ಲ ಇದು.”

ನನಗೆ ಬರುತ್ತದೆಯೇ! ಏನು ಹೇಳಬೇಕೆಂದು ತಿಳಿಯದೆ, ಯಾರಿಗೂ ಹೇಳದೆ ಇದ್ದ ಒಂದು ಸಂಗತಿ ಹೇಳಿದೆ.

ನಿಮ್ಮ ತಾತ, ಅಂದರೆ ನನ್ನ ಗಂಡ, ತೀರಿಕೊಂಡು ಒಂದು ತಿಂಗಳಾಗಿತ್ತು. ನಾನು ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಅಕ್ಕ ಒಂದು ಬೆಳಿಗ್ಗೆ ನನ್ನ ಕೈಗೆ ಕುರ್ಚಿಗಿ ಕೊಟ್ಟು ಹತ್ತಿ ಹೊಲಕ್ಕೆ ಎಳೆದುಕೊಂಡು ಹೋದಳು. ನಾನು ಅದಕ್ಕೂ ಮೊದಲು ಕೂಲಿಗೆ ಹೋದವಳಲ್ಲ. ಅವಳು ಪಕ್ಕದ ಸಾಲಿನಲ್ಲಿ ಮುಂದೆ, ನಾನು ಹಿಂದೆ. ನನ್ನ ಕಣ್ಣು ತುಂಬಿ ತುಂಬಿ ಬಂದು ಕಸ ಯಾವುದು, ಹತ್ತಿಯ ಸಸಿ ಯಾವುದು ಎಂದು ಕಾಣಲೇ ಇಲ್ಲ. ಕೈಗೆ ಸಿಕ್ಕದ್ದನ್ನು ಕೀಳುತ್ತಾ ಹೋದೆ. ಸಂಜೆ ಹೊಲದ ಯಜಮಾನ ಬಂದು ನೋಡಿದರೆ ಒಂದು ಸಾಲಿನಲ್ಲಿ ಸಸಿಗಳೇ ಇಲ್ಲ. ಯಾರು ಕಿತ್ತದ್ದು ಎಂದು ಕೂಗಾಡಿದ. ಇಪ್ಪತ್ತು ಹೆಂಗಸರು ತಲೆ ತಗ್ಗಿಸಿ ನಿಂತರು. ನಾನು ನೆಲ ಬಾಯಿ ಬಿಡಲಿ ಎಂದು ನಿಂತೆ. ಆಗ ನಿಮ್ಮ ದೊಡ್ಡಜ್ಜಿ ಮುಂದೆ ಹೋಗಿ “ನಾನ ಕಿತ್ತದ್ದು” ಎಂದಳು. ಮೇಸ್ತ್ರಿಣಿಯೇ ಹೀಗೆ ಮಾಡಿದರೆ ಹೇಗೆ ಎಂದು ಅವನು ಎಲ್ಲರೆದುರು ಬೈದ. ಬೈಸಿಕೊಂಡು ಬಂದಳು. ನನ್ನ ಮುಖವನ್ನೂ ನೋಡಲಿಲ್ಲ.

ಹುಡುಗಿ ಅಳು ನಿಲ್ಲಿಸಿ ಕೇಳುತ್ತಿದ್ದಳು. “ಮರುದಿನ ಹೋದ್ರಾ ಸಣ್ಣಜ್ಜಿ?”

“ಹೋದೆ.”

“ಅಂಜಿಕಿ ಬರಲಿಲ್ಲಾ?”

“ಬಂತು. ಈಗ ನಿನ್ನ ಕೂಡ ಮಾತಾಡಾಕೂ ಬರಾಕತ್ತದ.”

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು, ಜೊತೆಗೇ ಒಂದು ಚೂರು ನಗು. ಆಮೇಲೆ, ಆಟ ಬಿಟ್ಟ ಗೆಳತಿ ಕೋಣೆಯಲ್ಲಿ ಒಬ್ಬಳೇ ಮಲಗಿದ್ದಾಳೆ, ಹೋಗಿ ನೋಡುತ್ತೇನೆ ಎಂದಳು. ವಿಮಾನ ಇರುವುದು ನಾಳೆ ಸಂಜೆಗಂತೆ, ಬೆಳಿಗ್ಗೆ ಮೈದಾನ ಖಾಲಿ ಇರುತ್ತದಂತೆ. ಆ ಹನ್ನೊಂದನೆಯ ಕುಳಿಯನ್ನು ಇನ್ನೊಮ್ಮೆ ಆಡಿ ನೋಡುತ್ತೇನೆ ಎಂದು ಫೋನು ಇಟ್ಟಳು.

ನಾನು ಸೆರಗಿನಿಂದ ಬೆವರು ಒರೆಸಿಕೊಂಡು ಅಕ್ಕನ ಕಡೆ ತಿರುಗಿದೆ. ನನ್ನ ತಪ್ಪನ್ನು ಅವಳು ಮೈಮೇಲೆ ಹಾಕಿಕೊಂಡಳು ಎಂದು ಇಷ್ಟು ವರ್ಷ ಮನಸ್ಸಿನಲ್ಲೇ ಅವಳಿಗೆ ಕೈ ಮುಗಿಯುತ್ತಿದ್ದೆ. ಇವತ್ತು ಬಾಯಿಬಿಟ್ಟು ಹೇಳಿಬಿಡೋಣ ಎಂದುಕೊಂಡೆ. ಅವಳು ನನ್ನನ್ನೇ ನೋಡುತ್ತಿದ್ದಳು, ನಾನು ಬೇರೆ ಯಾರದೋ ಕಥೆ ಹೇಳಿದಂತೆ.

“ಏ ಸಣ್ಣಾಕಿ, ನಿನ್ನ ಸಾಲಂತ ಯಾರು ಹೇಳಿದ್ರು ನಿನಗ?” ಎಂದಳು. “ನಿಂದು ನಾಲ್ಕು ಗಿಡ ಹೋಗಿದ್ವು, ಅಷ್ಟ. ಅವ ಬೈದದ್ದು ನನ್ನ ಸಾಲಿಗೆ. ನನ್ನ ಸಾಲಿನಾಗ ಒಂದೂ ಉಳಿದಿದ್ದಿಲ್ಲ.”

ನನಗೆ ತಿಳಿಯಲಿಲ್ಲ. ಅವತ್ತು ನನಗೆ ಕಂಡದ್ದು ಅವಳ ಬೆನ್ನು ಮಾತ್ರ, ಕಣ್ಣಲ್ಲ.

“ನಾ ಈ ಮನಿಗೆ ಸೊಸಿಯಾಗಿ ಬಂದಾಗ ನಿನ್ನ ಗಂಡಗ ಐದು ವರ್ಷ. ಅಂಗಿ ಗುಂಡಿ ಹಾಕ್ಕೊಳ್ಳಾಕ ಬರ್ತಿದ್ದಿಲ್ಲ ಅವಗ. ನಾನ ಹಾಕಿ ಶಾಲಿಗೆ ಕಳಸ್ತಿದ್ದೆ.”

ಅಷ್ಟು ಹೇಳಿ ಅವಳು ಗೋಡೆಯ ಕಡೆ ತಿರುಗಿದಳು. ನಾನು ಮೊಣಕಾಲು ಹಿಡಿದು ಎದ್ದು, ಸುತ್ತಿ ಹೋಗಿ, ಈ ಸಲ ಅವಳ ಮುಖದ ಎದುರು ಕೂತೆ.